ನಿಂತ ವಾಚೂ ಸಾಕ್ಷಿ ಹೇಳುತ್ತದೆ

ಆಟೊಮ್ಯಾಟಿಕ್ ವಾಚು ಕಟ್ಟಿದವರಿಗೆ ಗೊತ್ತು: ಅದಕ್ಕೆ ಕೀ ಕೊಡಬೇಕಿಲ್ಲ, ಕೈ ಆಡುತ್ತಿದ್ದರೆ ಸಾಕು. ಬಿಚ್ಚಿಟ್ಟರೆ ಒಂದೆರಡು ದಿನ ಓಡಿ ನಿಂತುಬಿಡುತ್ತದೆ. ಬೋಸ್ನಿಯಾದ ಸ್ರೆಬ್ರೆನಿತ್ಸಾ ಸುತ್ತಮುತ್ತ ಸಾಮೂಹಿಕ ಗುಂಡಿಗಳನ್ನು ಅಗೆದಾಗ ಕೆಲವು ಶವಗಳ ಮೇಲೆ ಇಂಥ ವಾಚುಗಳು ಸಿಕ್ಕವು. ಅವುಗಳ ಪುಟ್ಟ ಕಿಂಡಿಯಲ್ಲಿ ನಿಂತಿದ್ದ ವಾರ, ತಾರೀಖು 1995ರ ಜುಲೈ ಮಧ್ಯಭಾಗಕ್ಕೆ ತಾಳೆಯಾದವು. ಸತ್ತವರು ಯಾವಾಗಲೋ ಯಾವುದೋ ಕಾಳಗದಲ್ಲಿ ಸತ್ತಿರಬಹುದು ಎನ್ನುವ ವಾದಕ್ಕೆ ಈ ವಾಚುಗಳೇ ಒಂದು ಉತ್ತರವಾದವು.

ಯುದ್ಧಾಪರಾಧಗಳ ನ್ಯಾಯಮಂಡಳಿಯ ಕೆಲಸವೆಂದರೆ ಬಹುಪಾಲು ಹೀಗೆ ಸಾಕ್ಷ್ಯ ಕಲೆಹಾಕಿ ತಾಳೆ ನೋಡುವುದೇ. ಯುಗೊಸ್ಲಾವಿಯಾದ ಯುದ್ಧ ಇನ್ನೂ ಉರಿಯುತ್ತಿದ್ದಾಗ, 1993ರ ಮೇ 25ರಂದು, ವಿಶ್ವಸಂಸ್ಥೆಯ ಭದ್ರತಾ ಮಂಡಳಿ ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ ಇಂಥದ್ದೊಂದು ಮಂಡಳಿ ರಚಿಸಿತು. ಅದಕ್ಕೆ ಪ್ರಾಸಿಕ್ಯೂಟರ್ ಇದ್ದರು, ತನಿಖಾಧಿಕಾರಿಗಳಿದ್ದರು, ನ್ಯಾಯಾಧೀಶರಿದ್ದರು. ಪೊಲೀಸರು ಮಾತ್ರ ಇರಲಿಲ್ಲ. ಆರೋಪಪಟ್ಟಿಯನ್ನು ನ್ಯಾಯಾಧೀಶರು ಒಪ್ಪಿ ವಾರಂಟ್ ಹೊರಡಿಸಿದರೂ, ಹಿಡಿದು ಕೊಡಬೇಕಾದದ್ದು ಆಯಾ ದೇಶದ ಸರ್ಕಾರ ಅಥವಾ ಅಲ್ಲಿದ್ದ ಅಂತರರಾಷ್ಟ್ರೀಯ ಪಡೆ. ಬೋಸ್ನಿಯಾದ ಸೆರ್ಬ್ ಸೇನೆಯ ದಂಡನಾಯಕ ರಾಟ್ಕೊ ಮ್ಲಾದಿಚ್ ಮೇಲೆ ಆರೋಪ ಬಂದದ್ದು 1995ರಲ್ಲಿ, ಸಿಕ್ಕಿಬಿದ್ದದ್ದು 2011ರಲ್ಲಿ. ಅವನ ರಾಜಕೀಯ ಒಡೆಯ ರಾದೊವಾನ್ ಕರಾಜಿಚ್ ಗಡ್ಡ ಬಿಟ್ಟು, ಬೇರೆ ಹೆಸರಿಟ್ಟುಕೊಂಡು, ಬೆಲ್‌ಗ್ರೇಡಿನಲ್ಲಿ ನಾಟಿವೈದ್ಯನಂತೆ ಓಡಾಡಿಕೊಂಡಿದ್ದ.

ಸ್ರೆಬ್ರೆನಿತ್ಸಾದಲ್ಲಿ ಮ್ಲಾದಿಚ್‌ನ ಸೇನೆ ಕೊಂದದ್ದು ಸುಮಾರು ಎಂಟು ಸಾವಿರ ಮುಸ್ಲಿಂ ಗಂಡಸರನ್ನು, ಹುಡುಗರನ್ನು. ಅಷ್ಟು ಹೆಣಗಳನ್ನು ಹೂತದ್ದು ಸಾಲದೆಂದು, ಎರಡು ತಿಂಗಳ ನಂತರ ಅಗೆಯುವ ಯಂತ್ರ ತಂದು ಗುಂಡಿಗಳನ್ನು ಮತ್ತೆ ಬಗೆದು, ಲಾರಿಗಳಲ್ಲಿ ದೂರ ಸಾಗಿಸಿ ಬೇರೆಡೆ ಹೂತರು. ಆದರೆ ಮೇಲಿನಿಂದ ಅಮೆರಿಕ ತೆಗೆದ ಚಿತ್ರಗಳಲ್ಲಿ ಆಗಷ್ಟೇ ಕೆದಕಿದ ಮಣ್ಣು ಕಾಣುತ್ತಿತ್ತು. ಮಣ್ಣಿನ ಬಗೆ, ಖಾಲಿ ಕಾಡತೂಸು, ಕಣ್ಣಿಗೆ ಕಟ್ಟಿದ್ದ ಬಟ್ಟೆ, ಇವನ್ನೆಲ್ಲ ಹೋಲಿಸಿ ಯಾವ ಗುಂಡಿಯ ಹೆಣ ಯಾವ ಗುಂಡಿಗೆ ಹೋಯಿತೆಂದು ಗುರುತಿಸಿದರು. ಕೊಜ್ಲುಕ್ ಎಂಬಲ್ಲಿ ಹಸಿರು ಬಾಟಲಿ ಚೂರುಗಳ ರಾಶಿಯ ಮೇಲೆ ಜನರನ್ನು ಕೊಂದಿದ್ದರು. ಅದೇ ಗಾಜು ದೂರದ ಇನ್ನೊಂದು ಗುಂಡಿಯಲ್ಲೂ ಸಿಕ್ಕಿತು. ಗುಂಡು ಹೊಡೆದವರ ಪೈಕಿ ಒಬ್ಬ, ದ್ರಾಜೆನ್ ಎರ್ದೆಮೊವಿಚ್, ತಾನೇ ಬಾಯಿಬಿಟ್ಟು ತಪ್ಪೊಪ್ಪಿಕೊಂಡ. ಅವನಿಗೆ ಕೊನೆಗೆ ಸಿಕ್ಕ ಶಿಕ್ಷೆ ಐದೇ ವರ್ಷ. ಕಡಿಮೆಯೇ. ಆದರೆ ಅವನು ಸುಮ್ಮನಿದ್ದಿದ್ದರೆ ಅವನ ತಂಡ ಜನರನ್ನು ಕೊಂದ ಒಂದು ಫಾರ್ಮಿನ ಇಡೀ ಕಥೆ ಮಣ್ಣಲ್ಲೇ ಉಳಿಯುವ ಅಪಾಯವಿತ್ತು.

ಇಷ್ಟಾದರೂ ಅರ್ಧ ಕೆಲಸ. ಕೊಲೆಯಾದದ್ದು ಖಚಿತ, ಮೇಲೆ ಕೂತವನಿಗೂ ಇದಕ್ಕೂ ಏನು ಸಂಬಂಧ? ದಂಡನಾಯಕನ ಕೈಗೆ ರಕ್ತ ಅಂಟಿರುವುದಿಲ್ಲ. ಇಲ್ಲಿ ಉಪಯೋಗಕ್ಕೆ ಬಂದದ್ದು ಶಾಲೆಯ ಮಕ್ಕಳು ಬಳಸುವಂಥ ನೋಟ್‌ಬುಕ್ಕುಗಳು. ಬೋಸ್ನಿಯಾ ಸರ್ಕಾರದ ಸೇನೆಯವರು ಗುಡ್ಡದ ಮೇಲೆ ಕೂತು ಎದುರಾಳಿ ಸೆರ್ಬ್ ಸೇನೆಯ ರೇಡಿಯೊ ಫೋನ್ ಮಾತುಗಳನ್ನು ಕದ್ದು ಕೇಳಿ ಕೈಯಲ್ಲಿ ಬರೆದಿಟ್ಟಿದ್ದರು. ಜುಲೈ 15ರ ಒಂದು ಮಾತುಕತೆಯಲ್ಲಿ ಭದ್ರತಾ ವಿಭಾಗದ ಅಧಿಕಾರಿಯೊಬ್ಬ ಜನರಲ್ ರಾದಿಸ್ಲಾವ್ ಕ್ರಸ್ತಿಚ್‌ಗೆ, ಇನ್ನೂ 3,500 'ಪಾರ್ಸೆಲ್' ಹಂಚುವುದಿದೆ, ಜನ ಬೇಕು ಎನ್ನುತ್ತಾನೆ. ಪಾರ್ಸೆಲ್ ಎಂದರೆ ಸೆರೆಸಿಕ್ಕವರು. ಬರೆದುಕೊಂಡವರನ್ನೇ ಕರೆಸಿ, ನೋಟ್‌ಬುಕ್ ತಿದ್ದಿಲ್ಲವೆಂದು ಪಾಟೀಸವಾಲಿನಲ್ಲಿ ಪರೀಕ್ಷಿಸಿದ ಮೇಲೆಯೇ ಕೋರ್ಟು ಅದನ್ನು ನಂಬಿತು.

ಕೋರ್ಟು ಹೊರಗಿನಿಂದ ನೋಡಲು ನೀರಸವಾಗಿತ್ತು. ಜ್ಯೂರಿ ಇರಲಿಲ್ಲ, ಮೂವರು ನ್ಯಾಯಾಧೀಶರು, ಎಲ್ಲರ ಕಿವಿಯಲ್ಲೂ ಅನುವಾದದ ಹೆಡ್‌ಫೋನ್. ಜೀವಭಯವಿರುವ ಸಾಕ್ಷಿಗೆ ಬೇರೆ ಹೆಸರು, ಪರದೆಯ ಮೇಲೆ ಮುಖ ಮಸುಕು, ದನಿ ಬದಲು. ಮರಣದಂಡನೆ ಇರಲಿಲ್ಲ. ಮಂಡಳಿಗೆ ಸ್ವಂತ ಸೆರೆಮನೆಯೂ ಇರಲಿಲ್ಲ; ವಿಚಾರಣೆ ಮುಗಿಯುವವರೆಗೆ ಇಡುವ ಬಂದೀಖಾನೆಯಷ್ಟೆ. ಶಿಕ್ಷೆ ಅನುಭವಿಸಲು, ಒಪ್ಪಿದ ದೇಶಕ್ಕೆ ಕಳಿಸುತ್ತಿದ್ದರು.

ನರಮೇಧ ಎಂಬ ಆರೋಪಕ್ಕೆ ಹೆಣಗಳ ಲೆಕ್ಕ ಸಾಲದು. ಒಂದು ಜನಾಂಗವನ್ನೇ ಇಡಿಯಾಗಿಯೋ ಭಾಗಶಃವೋ ಅಳಿಸುವ ಉದ್ದೇಶವಿತ್ತೆಂದು ರುಜುವಾತಾಗಬೇಕು. 2001ರ ಆಗಸ್ಟಿನಲ್ಲಿ ಕ್ರಸ್ತಿಚ್‌ಗೆ ನರಮೇಧಕ್ಕಾಗಿ 46 ವರ್ಷ ಶಿಕ್ಷೆಯಾಯಿತು. 2004ರಲ್ಲಿ ಮೇಲ್ಮನವಿ ಪೀಠ, ನಡೆದದ್ದು ನರಮೇಧವೇ ಸರಿ, ಆದರೆ ಉದ್ದೇಶ ಇವನದೆಂದು ಸಾಬೀತಾಗಿಲ್ಲ, ಗೊತ್ತಿದ್ದೂ ನೆರವಾದ ಎಂದು 35ಕ್ಕೆ ಇಳಿಸಿತು. ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೆ ಇದು ಹೇಗೆ ರುಚಿಸೀತು? ಆದರೂ ನನಗೆ ಈ ಹನ್ನೊಂದು ವರ್ಷದ ಕಡಿತವೇ ಆ ಕೋರ್ಟಿನ ಮೇಲೆ ವಿಶ್ವಾಸ ಹುಟ್ಟಿಸುತ್ತದೆ. ಗೆದ್ದವರ ಸೇಡಾಗಿದ್ದರೆ ಅಷ್ಟು ಸೂಕ್ಷ್ಮವಾಗಿ ತೂಗುವ ಗೋಜಿಗೆ ಹೋಗುತ್ತಿರಲಿಲ್ಲ.

ದೊಡ್ಡ ದೋಷವೆಂದರೆ ನಿಧಾನ. ಸರ್ಬಿಯಾದ ಮಾಜಿ ಅಧ್ಯಕ್ಷ ಸ್ಲೊಬೊದಾನ್ ಮಿಲೊಸೆವಿಚ್ ತೀರ್ಪು ಬರುವ ಮೊದಲೇ, 2006ರಲ್ಲಿ, ಬಂದೀಖಾನೆಯಲ್ಲಿ ತೀರಿಹೋದ. 161 ಮಂದಿ ಆರೋಪಿಗಳಲ್ಲಿ ಒಬ್ಬನೂ ತಲೆಮರೆಸಿಕೊಂಡು ಉಳಿಯಲಿಲ್ಲ ಎಂಬುದೂ ಅಷ್ಟೇ ನಿಜ. 2017ರ ಕೊನೆಗೆ ಮಂಡಳಿ ಬಾಗಿಲು ಹಾಕಿತು. ಅದರ ತೀರ್ಪುಗಳು ಯಾರು ಬೇಕಾದರೂ ಓದುವಂತೆ ತೆರೆದಿವೆ. ಒಂದನ್ನಷ್ಟೇ ಓದಲು ಪುರುಸೊತ್ತಿದ್ದರೆ ಕ್ರಸ್ತಿಚ್ ತೀರ್ಪನ್ನು ಓದಿ.