ಕಣ್ಣಿನ ಹನಿ ಮದ್ದು: ನಿಲ್ಲಿಸಬೇಡಿ, ಕ್ರಮ ತಪ್ಪಬೇಡಿ

ಕಳೆದ ಕೊಯ್ಲಿನ ಸಮಯದಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರು ಸಂಘದ ಕಚೇರಿಯಿಂದ ಹೊರಡುವಾಗ, ಎಡಗಡೆ ಇಟ್ಟಿದ್ದ ಕಾಫಿ ಮೂಟೆ ಕಾಣದೆ ಎಡವಿ ಬಿದ್ದರು. ವಿಚಾರಿಸಿದಾಗ ತಿಳಿಯಿತು: ಎರಡು ವರ್ಷದ ಹಿಂದೆಯೇ ಕಣ್ಣಿನ ವೈದ್ಯರು ಗ್ಲಾಕೋಮಾ ಎಂದು ಹೇಳಿ ಹನಿ ಮದ್ದು ಬರೆದುಕೊಟ್ಟಿದ್ದರಂತೆ. "ನೋವಿಲ್ಲ, ಉರಿಯಿಲ್ಲ, ಮದ್ದು ಹಾಕಿ ದೃಷ್ಟಿಯೇನೂ ಹೆಚ್ಚಲಿಲ್ಲ ಸೆಕ್ರೆಟರಿಗಳೇ. ಮೂರು ಸೀಸೆ ಮುಗಿದ ಮೇಲೆ ಬಿಟ್ಟುಬಿಟ್ಟೆ" ಎಂದರು. ಈಗ ಅವರ ಎಡಪಕ್ಕದ ನೋಟ ಬಹುಪಾಲು ಹೋಗಿದೆ. ಹೋದದ್ದು ಮರಳುವುದಿಲ್ಲ.

ಕಣ್ಣಿನೊಳಗೆ ಒಂದು ತಿಳಿ ದ್ರವ ಸದಾ ಹುಟ್ಟಿ ಹರಿದುಹೋಗುತ್ತಿರುತ್ತದೆ. ಅದು ಹೋಗುವ ದಾರಿ ಕಟ್ಟಿದರೆ ಒಳಗಿನ ಒತ್ತಡ ಏರಿ ದೃಷ್ಟಿನರ ಕೆಡುತ್ತದೆ. ಸಾಮಾನ್ಯ ಒತ್ತಡ ಪಾದರಸದ ಅಳತೆಯಲ್ಲಿ 10ರಿಂದ 21 ಮಿ.ಮೀ.; ಕೆಲವರಿಗೆ ಈ ಮಿತಿಯೊಳಗೂ ನರ ಕೆಡುವುದುಂಟು. ಪೊರೆಯಾದರೆ ಶಸ್ತ್ರಚಿಕಿತ್ಸೆಯಿಂದ ನೋಟ ಮರಳೀತು. ಸತ್ತ ನರ ಮಾತ್ರ ಚಿಗುರದು. ಹನಿ ಮದ್ದಿನ ಕೆಲಸ ಉಳಿದದ್ದನ್ನು ಕಾಯುವುದು. ಮಳೆಗೆ ಮುಂಚೆ ಅಡಿಕೆಗೆ ಬೋರ್ಡೋ ಹೊಡೆದರೆ ಕಾಯಿ ಹೆಚ್ಚುವುದಿಲ್ಲ. ಇದ್ದ ಕಾಯಿ ಕೊಳೆತು ಉದುರದೆ ನಿಲ್ಲುತ್ತದೆ. ಇದೂ ಹಾಗೆಯೇ.

ಹಾಕಿಕೊಳ್ಳುವ ಕ್ರಮ ಹೀಗೆ:

1. ಕೈ ತೊಳೆದು, ತಲೆಯನ್ನು ಹಿಂದಕ್ಕೆ ಬಾಗಿಸಿ ಅಥವಾ ಮಲಗಿ, ಕೆಳರೆಪ್ಪೆಯನ್ನು ಕೆಳಕ್ಕೆಳೆದು ಅದರೊಳಗೆ ಒಂದು ಹನಿ ಬೀಳಿಸಿ. ಸೀಸೆಯ ತುದಿ ರೆಪ್ಪೆಗಾಗಲಿ ಬೆರಳಿಗಾಗಲಿ ತಾಗಬಾರದು. ಒಂದೇ ಹನಿ ಸಾಕು. ಎರಡನೆಯದು ಕೆನ್ನೆಯ ಪಾಲು.

2. ಕಣ್ಣನ್ನು ಮೆಲ್ಲನೆ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ 2 ನಿಮಿಷ ಒತ್ತಿ ಹಿಡಿಯಿರಿ. ಅಲ್ಲಿಂದ ಮೂಗಿಗೆ ನಾಳವಿದೆ. ಒತ್ತದಿದ್ದರೆ ಮದ್ದು ಅದರ ಮೂಲಕ ಇಳಿದು ರಕ್ತಕ್ಕೆ ಸೇರುತ್ತದೆ.

3. ಎರಡು ಬಗೆಯ ಮದ್ದಿದ್ದರೆ ನಡುವೆ ಕನಿಷ್ಠ 5 ನಿಮಿಷ ಬಿಡಿ.

4. ಹೊತ್ತು ತಪ್ಪಿದರೆ ನೆನಪಾದಾಗ ಹಾಕಿ. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಆಗಲೇ ಹಾಕಿ. ಎರಡು ಪಟ್ಟು ಬೇಡ.

5. ತೆರೆದ ದಿನಾಂಕವನ್ನು ಸೀಸೆಯ ಮೇಲೆ ಬರೆಯಿರಿ. ಹಲವು ಮದ್ದುಗಳು ತೆರೆದ 4 ವಾರದ ಮೇಲೆ ಬಳಕೆಗೆ ಸಲ್ಲವು. ಕೆಲವನ್ನು ತೆರೆಯುವ ತನಕ ಫ್ರಿಜ್ಜಿನಲ್ಲಿಡಬೇಕು. ಸೀಸೆಯ ಚೀಟಿ ಓದಿ. ಬಿಸಿಲಿಗೆ ನಿಂತ ಜೀಪಿನಲ್ಲಿ ಯಾವುದನ್ನೂ ಬಿಡಬೇಡಿ.

ಇನ್ನೆರಡು ಎಚ್ಚರಿಕೆ. ಬಹಳ ಬಳಕೆಯಲ್ಲಿರುವ ಟಿಮೊಲೋಲ್ ಎಂಬ ಹನಿ ಉಬ್ಬಸವನ್ನು ಕೆರಳಿಸಬಲ್ಲದು, ಹೃದಯದ ಬಡಿತವನ್ನೂ ತಗ್ಗಿಸಬಲ್ಲದು. ಉಬ್ಬಸ ಅಥವಾ ಹೃದಯದ ತೊಂದರೆ ಇದ್ದವರು ಕಣ್ಣಿನ ವೈದ್ಯರಿಗೆ ಮೊದಲೇ ಹೇಳಬೇಕು. ಕಣ್ಣಿಗೂ ದಮ್ಮಿಗೂ ಏನು ಸಂಬಂಧ ಎಂದು ಸುಮ್ಮನಿರಬಾರದು. ಹನಿ ಶುರುಮಾಡಿದ ಮೇಲೆ ಉಸಿರು ಕಟ್ಟಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ಎರಡನೆಯದು ನಮ್ಮ ತೋಟಗಳಲ್ಲೇ ನಡೆಯುವಂಥದು. ಕಣ್ಣು ಉರಿದರೆ ಅಂಗಡಿಯಲ್ಲಿ ಕೇಳಿ ಸಿಕ್ಕಿದ ಹನಿ ತಂದು, ಹಿತವಾಯಿತೆಂದು ಅದನ್ನೇ ಮುಂದುವರಿಸುವವರಿದ್ದಾರೆ. ಅಂಥ ಕೆಲವು ಹನಿಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ವಾರಗಟ್ಟಲೆ ಹಾಕಿದರೆ ಅದೇ ಒತ್ತಡವನ್ನು ಏರಿಸಿ ಗ್ಲಾಕೋಮಾ ತರಬಲ್ಲದು. ಬೋರ್ಡೋ ಕಣ್ಣಿಗೆ ಸಿಡಿದರೆ ಅದರಲ್ಲಿ ಸುಣ್ಣವಿದೆಯೆಂಬುದು ನೆನಪಿರಲಿ: ಕೂಡಲೇ ಶುದ್ಧ ನೀರಿನಿಂದ 15–20 ನಿಮಿಷ ತೊಳೆದು ವೈದ್ಯರಿಗೆ ತೋರಿಸಿ.

ಹನಿಯಿಂದ ಕಣ್ಣು ಕೆಂಪಾದರೆ, ಬೆಲೆ ಹೊರೆಯಾದರೆ, ವೈದ್ಯರಿಗೆ ತಿಳಿಸಿ. ಬೇರೆ ಮದ್ದು ಬರೆದುಕೊಡಬಹುದು. ತಾವಾಗಿ ನಿಲ್ಲಿಸುವುದೊಂದು ಬೇಡ. ಈ ರೋಗ ವಂಶದಲ್ಲಿ ಬರುವುದರಿಂದ, ರೋಗವಿದ್ದವರ ಒಡಹುಟ್ಟಿದವರೂ ಮಕ್ಕಳೂ ಕಣ್ಣಿನ ಒತ್ತಡ ಮತ್ತು ನರವನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ನಮ್ಮ ಹಿರಿಯರು ಈಗ ರಾತ್ರಿ ಊಟದ ಮೇಲೆ ತಪ್ಪದೆ ಹನಿ ಹಾಕಿಸಿಕೊಳ್ಳುತ್ತಾರೆ. ಕೈ ನಡುಗುವುದರಿಂದ ಸೊಸೆ ಹಾಕುತ್ತಾರೆ. ನಿಮ್ಮ ಮನೆಯ ಹಿರಿಯರ ಸೀಸೆಯ ಮೇಲಿನ ದಿನಾಂಕವನ್ನು ಇಂದೇ ಒಮ್ಮೆ ನೋಡಬೇಕೆಂದು ವಿನಂತಿ.