ಕೆಚ್ಚುವವರ ಊರು ದೊಡ್ಡಬಳ್ಳಾಪುರ

ಅಂಗಡಿ ಒಳ್ಳೆಯದೋ ಕೆಟ್ಟದ್ದೋ, ಸೌಲಭ್ಯ ನೆಟ್ಟಗಿದೆಯೋ ಇಲ್ಲವೋ ಎಂದು ಅಳೆಯಲು ದೊಡ್ಡಬಳ್ಳಾಪುರದ ನಮಗೆ ಇರುವುದು ಒಂದೇ ಅಳತೆಗೋಲು. ಅದರಿಂದ ಮಗ್ಗ ಓಡುತ್ತದೆಯೇ, ನಿಲ್ಲುತ್ತದೆಯೇ? ತೇರಿನಬೀದಿಯಲ್ಲಾಗಲಿ ಕರೇನಹಳ್ಳಿಯಲ್ಲಾಗಲಿ ಹಗಲು ಹೊತ್ತು ನಡೆದುಹೋದರೆ ಮನೆಮನೆಯ ಒಳಗಿಂದ ಲಾಳಿ ಬಡಿಯುವ ಸದ್ದು ಬೀದಿಗೆ ಬರುತ್ತದೆ. ಹೊಸಬರು ಕಿವಿ ಮುಚ್ಚಿಕೊಳ್ಳುತ್ತಾರೆ. ನಮಗೆ ಆ ಸದ್ದು ಕೇಳಿಸುವುದೇ ಇಲ್ಲ. ಅದು ನಿಂತಾಗ ಮಾತ್ರ ತಲೆ ಎತ್ತಿ, ಏನಾಯಿತು ಎಂದು ಪಕ್ಕದ ಮನೆಯವರನ್ನು ಕೇಳುತ್ತೇವೆ.

ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಈ ಊರನ್ನು ಹೊರಗಿನವರು ಘಾಟಿ ಸುಬ್ರಹ್ಮಣ್ಯದಿಂದ, ಅಲ್ಲಿನ ದನಗಳ ಜಾತ್ರೆಯಿಂದ, ಮಾಕಳಿದುರ್ಗದ ಬೆಟ್ಟದಿಂದ ಬಲ್ಲರು. ಕೆಲಸ ಹುಡುಕಿ ಬಂದವರಿಗೆ ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳು, ಅಪೆರಲ್ ಪಾರ್ಕ್ ಗೊತ್ತು. ನೇಕಾರರ ಊರು ಎಂಬ ಮಾತೂ ಹೊಸದಲ್ಲ. ಆದರೆ ನೇಕಾರನೊಬ್ಬನೇ ಸೀರೆ ನೇಯಲಾರ. ಮಗ್ಗದ ಸುತ್ತ ಹತ್ತಾರು ಸಣ್ಣ ಕಸುಬುಗಳಿವೆ. ಅವಕ್ಕೆ ಬೋರ್ಡಿಲ್ಲ, ಜಾಹೀರಾತಿಲ್ಲ. ಊರಿನ ಅತ್ಯುತ್ತಮ ಸೇವೆ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಅವುಗಳ ಹೆಸರನ್ನೇ.

ಆ ಕಸುಬಿನವರಲ್ಲಿ ಮೊದಲಿಗರು ಅಚ್ಚು ಕೆಚ್ಚುವವರು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದದ ಎಳೆಗಳು, ಮುಗಿಯುತ್ತಾ ಬಂದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಹಾಸಿನ ಅದೇ ಎಳೆಗೆ ಸೇರಿಸಬೇಕು. ರೇಷ್ಮೆ ಸೀರೆಯೆಂದರೆ ಅಂಥ ಎಳೆಗಳು ಸಾವಿರಾರು. ಬೆರಳಿಗೆ ಬೂದಿ ಹಚ್ಚಿಕೊಂಡು, ಎರಡು ತುದಿಗಳನ್ನು ಜೊತೆಗೂಡಿಸಿ ಹೊಸೆದರೆ ಅದು ಕೆಚ್ಚು. ಗಂಟು ಹಾಕುವಂತಿಲ್ಲ, ಗಂಟು ಹಾಕಿದರೆ ಅದು ಬಾಚಣಿಗೆಯಂಥ ಹುಣಿಗೆಯ ಹಲ್ಲುಗಳ ನಡುವೆ ತೂರುವುದಿಲ್ಲ. ಒಂದು ಎಳೆ ತಪ್ಪಿ ಪಕ್ಕದ್ದಕ್ಕೆ ಸೇರಿತೆಂದರೆ ಅಲ್ಲಿಂದಾಚೆಗೆ ಅಂಚಿನ ಲೆಕ್ಕವೆಲ್ಲ ತಪ್ಪುತ್ತದೆ. ಮಗ್ಗದ ಹಿಂದೆ ಕುಳಿತು, ಕತ್ತು ಬಗ್ಗಿಸಿ, ಮಾತಾಡುತ್ತಲೇ ಕೆಚ್ಚುವವರನ್ನು ನೋಡಿದ್ದೇನೆ. ಬಾಯಿ ಊರ ಸುದ್ದಿ ಹೇಳುತ್ತಿದ್ದರೂ ಬೆರಳು ತಪ್ಪುವುದಿಲ್ಲ. ‘ಅಕ್ಕ, ನಮ್ಮ ಹಾಸು ಮುಗೀತಾ ಬಂತು, ನಾಳೆ ಬರ್ತೀರಾ?’ ಎಂದು ಫೋನು ಮಾಡಿದರೆ ಚೀಲದಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಬರುತ್ತಾರೆ. ಅವರು ಒಂದು ದಿನ ತಡಮಾಡಿದರೆ ಮಗ್ಗ ಒಂದು ದಿನ ನಿಲ್ಲುತ್ತದೆ, ಕೂಲಿ ನೇಕಾರನಿಗೆ ಆ ದಿನದ ಕೂಲಿಯಿಲ್ಲ. ಇಷ್ಟು ಜನ ಅವರನ್ನು ನೆಚ್ಚಿಕೊಂಡಿದ್ದರೂ ಊರಿನಲ್ಲಿ ಅವರಿಗೆ ಸಿಗುವ ಗೌರವ ಮಾತ್ರ ಕಡಿಮೆ.

ಉಳಿದವರೂ ಇದ್ದಾರೆ. ಹಾಸು ಸುತ್ತಿಕೊಡುವ ವಾರ್ಪಿನವರು, ನೂಲಿಗೆ ಬಣ್ಣ ಹಾಕುವವರು, ಜಕಾರ್ಡಿನ ಅಟ್ಟೆಗೆ ತೂತು ಹೊಡೆದು ಬುಟ್ಟಾ, ಸೆರಗುಗಳ ಚಿತ್ತಾರ ಇಳಿಸುವವರು. ಮನೆಯಲ್ಲಿ ಲಾಳಿಗೆ ಹಾಕುವ ಕಂಡಿಕೆ ಸುತ್ತುವ ಅಜ್ಜಿಯರು, ಸಂಜೆ ಹೊತ್ತು ಬಾಗಿಲಲ್ಲಿ ಕೂತು ಸೆರಗಿಗೆ ಕುಚ್ಚು ಕಟ್ಟುವ ಹೆಣ್ಣುಮಕ್ಕಳು. ಮಗ್ಗದ ಮೆಕ್ಯಾನಿಕ್‌ಗಳ ಬಗ್ಗೆ ಒಂದು ಮಾತು ಹೇಳಲೇಬೇಕು: ಬಾಗಿಲ ಹೊರಗೆ ನಿಂತು ಸದ್ದು ಕೇಳಿಯೇ ಯಾವ ಭಾಗ ಸವೆದಿದೆ ಎಂದು ಹೇಳುವಷ್ಟು ಪಳಗಿದವರು ಇಲ್ಲಿದ್ದಾರೆ. ಇವರೆಲ್ಲ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ನಡೆದುಹೋಗುವಷ್ಟೇ ದೂರದಲ್ಲಿರುವುದರಿಂದಲೇ ಎರಡೋ ನಾಲ್ಕೋ ಮಗ್ಗ ಇಟ್ಟುಕೊಂಡ ಮನೆ ಇಲ್ಲಿ ಬದುಕುತ್ತದೆ. ಬೇರೆ ಊರಿಗೆ ಮಗ್ಗ ಕೊಂಡೊಯ್ಯಬಹುದು, ಈ ಬೀದಿಯನ್ನು ಕೊಂಡೊಯ್ಯಲಾಗದು.

ಸರ್ಕಾರದ ಸೌಲಭ್ಯಗಳಲ್ಲಿ ಮಗ್ಗಕ್ಕೆ ಎಲ್ಲಕ್ಕಿಂತ ಹತ್ತಿರದ್ದು ಕರೆಂಟು. 10 ಎಚ್‌ಪಿವರೆಗಿನ ವಿದ್ಯುತ್ ಮಗ್ಗಗಳಿಗೆ ತಿಂಗಳಿಗೆ 250 ಯೂನಿಟ್‌ವರೆಗೆ ಉಚಿತ ವಿದ್ಯುತ್ ಕೊಡುವುದಾಗಿ 2023ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಘೋಷಿಸಿತು. ಸಣ್ಣ ನೇಕಾರರಿಗೆ ಅದು ದೊಡ್ಡ ಆಸರೆ, ಮನಸಾರೆ ಒಪ್ಪುತ್ತೇನೆ. ಆದರೆ ಕರೆಂಟು ಅಗ್ಗವಾದರೆ ಸಾಲದು, ಹೋಗುವಾಗ ಹೇಳಿ ಹೋಗಬೇಕು. ಲಾಳಿ ಹಾಸಿನ ನಡುವೆ ಇರುವಾಗ ಮೋಟರು ಏಕಾಏಕಿ ನಿಂತರೆ ಎಳೆಗಳು ಹರಿಯುವುದುಂಟು, ಮತ್ತೆ ಶುರುಮಾಡಿದ ಕಡೆ ಬಟ್ಟೆಯಲ್ಲಿ ಪಟ್ಟೆ ಬೀಳುವುದುಂಟು. ಹಾಗೆ ಪಟ್ಟೆ ಬಿದ್ದ ಸೀರೆಗೆ ಬೆಲೆ ಇಳಿಯುತ್ತದೆ.

ನೀರಿನ ವಿಷಯದಲ್ಲಿ ನನಗೆ ಸಮಾಧಾನವಿಲ್ಲ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಹರಿಯುವ ಸೀಮೆ ನಮ್ಮದು. ನಗರದ ಕೊಳಚೆಯೂ ಕೈಗಾರಿಕೆಗಳ ತ್ಯಾಜ್ಯವೂ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳಿಗೆ ಸೇರುತ್ತಿರುವುದರ ವಿರುದ್ಧ ಆ ಭಾಗದ ಹಳ್ಳಿಗರು ವರ್ಷಗಳಿಂದ ಹೋರಾಡುತ್ತಿದ್ದಾರೆ. ನಾವು ಊರಿನೊಳಗಿನವರು ಇದನ್ನು ಬರೀ ಕಾರ್ಖಾನೆಗಳ ತಪ್ಪೆಂದು ಹೇಳಿ ಕೈತೊಳೆದುಕೊಳ್ಳಬಾರದು. ನಮ್ಮ ಬಚ್ಚಲ ನೀರು, ನಮ್ಮ ನೂಲಿಗೆ ಬಣ್ಣ ಹಾಕಿ ಚೆಲ್ಲಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ನಾವೂ ನೋಡಬೇಕು. ಸೀರೆಯ ಬಣ್ಣ ಕೆಳಗಿನ ಊರಿನ ಕೆರೆಯಲ್ಲಿ ಕಾಣಬಾರದು.

ಓದಿನ ವಿಷಯದಲ್ಲಿ ಊರು ಹೆಮ್ಮೆಪಡಬಹುದು. ಲೋಕಸೇವಾನಿರತ ಎಂದು ಜನ ಕರೆದ ಡಿ. ಕೊಂಗಾಡಿಯಪ್ಪನವರ ಹೆಸರಿನ ಕಾಲೇಜಿನಲ್ಲಿ ಮಗ್ಗದ ಮನೆಗಳ ಎಷ್ಟೋ ಮಕ್ಕಳು ಪದವಿ ಪಡೆದಿದ್ದಾರೆ. ಕನ್ನಡದ ದೊಡ್ಡ ವಿಮರ್ಶಕ ಡಿ.ಆರ್. ನಾಗರಾಜ್ (1954–1998) ಇದೇ ಊರಿನ ನೇಕಾರ ಮನೆತನದವರು. ಅವರ ಹೆಸರಿನ ಮೊದಲ ‘ಡಿ’ ದೊಡ್ಡಬಳ್ಳಾಪುರ. ಕುಶಲಕರ್ಮಿಗಳ ಸಮುದಾಯ ತನ್ನ ವಿದ್ಯೆಯನ್ನು ತಾನೇ ಮರೆಯುವ ಸಂಕಟದ ಬಗ್ಗೆ ಅವರು ಆಳವಾಗಿ ಚಿಂತಿಸಿದ್ದರು. ಕೆಚ್ಚುವವರನ್ನು ನೋಡಿದಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ಓದಿದ ಮಕ್ಕಳು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ. ಹೋಗಲಿ, ಅದು ಅವರ ಹಕ್ಕು. ಆದರೆ ಕೆಚ್ಚಲು ಕಲಿಯುವ ಎಳೆಯ ಬೆರಳುಗಳು ಕಾಣುತ್ತಿಲ್ಲ. ಊರಿನಲ್ಲಿ ಇದನ್ನು ಕೂಲಿ ಕೊಟ್ಟು ಕಲಿಸುವ ಒಂದು ಸಣ್ಣ ಶಾಲೆಯಾದರೂ ಬೇಕು.

ಇನ್ನೊಂದು ನೋವಿದೆ. ಇಳಕಲ್ಲಿಗೆ, ಮೊಳಕಾಲ್ಮೂರಿಗೆ ಅವುಗಳ ಸೀರೆಯೇ ಹೆಸರು ತಂದಿದೆ. ಎರಡಕ್ಕೂ ಭೌಗೋಳಿಕ ಸೂಚಕದ ಮಾನ್ಯತೆಯೂ ಉಂಟು. ದೊಡ್ಡಬಳ್ಳಾಪುರದ ಸೀರೆ ಗಂಟು ಕಟ್ಟಿಕೊಂಡು ಬೆಂಗಳೂರಿನ ಚಿಕ್ಕಪೇಟೆಗೆ ಹೋಗುತ್ತದೆ, ಅಲ್ಲಿಂದ ಊರಿನ ಹೆಸರಿಲ್ಲದೆ ನಿಮ್ಮ ಮನೆಯ ಮದುವೆಗೆ ಬರುತ್ತದೆ. ಅತ್ತ ಸೂರತ್‌ನಿಂದ ಬರುವ ಅಗ್ಗದ ಸೀರೆಗಳ ಮುಂದೆ ಬೆಲೆಯಲ್ಲಿ ಪೈಪೋಟಿ ಮಾಡುವುದು ನಮ್ಮ ಎರಡು ಮಗ್ಗದ ಮನೆಗೆ ಆಗದ ಮಾತು. 2020ರ ಲಾಕ್‌ಡೌನಿನಲ್ಲಿ ಮನೆಮನೆಯಲ್ಲೂ ಸೀರೆಗಳು ರಾಶಿ ಬಿದ್ದಿದ್ದಾಗ ಇಂಥದ್ದೇ ಊರಿನ ಸೀರೆ ಬೇಕು ಎಂದು ಕೇಳಿ ಬರುವ ಗಿರಾಕಿ ನಮಗಿರಲಿಲ್ಲ.

ಮುಂದಿನ ಸಲ ಸೀರೆ ಕೊಳ್ಳುವಾಗ ಅಂಗಡಿಯವರನ್ನು ಒಂದು ಮಾತು ಕೇಳಿ: ಇದನ್ನು ನೇಯ್ದದ್ದು ಯಾವ ಊರಿನಲ್ಲಿ? ದೊಡ್ಡಬಳ್ಳಾಪುರ ಎಂದರೆ, ಡಬ್ಬಿಯ ಮೇಲೆ ಹಾಗೆಂದು ಬರೆದುಕೊಡಿ ಎನ್ನಿ.