ಪಾದದಡಿಯ ನಾದ

ಕಂಪೆನಿ ನಾಟಕಗಳ ವೈಭವವನ್ನು ಕಂಡ ದಾವಣಗೆರೆಯವರಿಗೆ, ಸಂಗೀತದಲ್ಲಿ ಕಾಲಿಗೂ ಕೆಲಸವುಂಟೆಂಬುದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಚಿಂದೋಡಿ ಲೀಲಾ ಅವರ ಕೆ. ಬಿ. ಆರ್. ಡ್ರಾಮಾ ಕಂಪೆನಿ ಈ ಊರಿನದೇ. ಅಂಥ ಕಂಪೆನಿಗಳ ಹಾರ್ಮೋನಿಯಂ ಮಾಸ್ತರರು ಕಾಲಿನಿಂದ ತಿದಿಯೊತ್ತುತ್ತ, ಎರಡು ಕೈಗಳನ್ನೂ ಸ್ವರಗಳ ಮೇಲೆ ಹರಿಯಬಿಟ್ಟು, ಪರದೆ ಏಳುವ ಮೊದಲೇ ಪ್ರೇಕ್ಷಕರನ್ನು ಹಿಡಿದು ಕೂಡಿಸುತ್ತಿದ್ದರು. ಕಾಲು ಹಾರ್ಮೋನಿಯಂ ಇಂದು ಅಪರೂಪವಾಗಿದೆ. ಆದರೆ ಪಾದದಿಂದ ನಾದವನ್ನಾಳುವ ಕಲೆ ಅಳಿದಿಲ್ಲ. ಅದು ಗಿಟಾರ್ ನುಡಿಸುವ ಹುಡುಗರ ಪಾಲಿಗೆ ಬಂದಿದೆ.

ಅಂಗೈಯಗಲದ ಒಂದು ಲೋಹದ ಪೆಟ್ಟಿಗೆ. ಅದರ ನೆತ್ತಿಯ ಮೇಲೆ ಎರಡು ಮೂರು ತಿರುಗುಗುಂಡಿಗಳು. ಕೆಳಗೆ ಕಾಲಿನಿಂದ ಒತ್ತುವ ಒಂದು ಗುಂಡಿ. ಗಿಟಾರಿನ ತಂತಿ ಬಲಗಡೆಯಿಂದ ಒಳಹೊಕ್ಕು ಎಡಗಡೆಯಿಂದ ಹೊರಬರುತ್ತದೆ. ಒಳಹೋಗುವಾಗ ಸಾಧುವಾಗಿದ್ದ ದನಿ ಹೊರಬರುವಾಗ ಗರ್ಜಿಸಬಹುದು, ಮಾರ್ದನಿಗೊಡಬಹುದು, ಅಲೆಯಲೆಯಾಗಿ ತೂಗಬಹುದು. ಇದಕ್ಕೆ ಪೆಡಲ್ ಎಂದು ಹೆಸರು. ಸೈಕಲ್ಲಿನ ಪೆಡಲಿನಂತೆ ಇದನ್ನು ತುಳಿಯುತ್ತಲೇ ಇರಬೇಕಾಗಿಲ್ಲ. ಒಮ್ಮೆ ಒತ್ತಿದರೆ ಸಾಕು.

ದಾವಣಗೆರೆಯ ವಿದ್ಯಾನಗರದಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ತಂದೆ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾರೆ. ಹೋದ ವರ್ಷ ಮಗನ ಹಟಕ್ಕೆ ಮಣಿದು ಅವರು ಗಿಟಾರಿಗೆಂದು ಒಂದು ಡಿಜಿಟಲ್ ಮಾಡೆಲರ್ ತರಿಸಿಕೊಟ್ಟಿದ್ದಾರೆ. ಈ ಜಾತಿಯ ಯಂತ್ರಗಳಲ್ಲಿ ದೊಡ್ಡವುಗಳ ಬೆಲೆ ಒಂದು ಲಕ್ಷ ರೂಪಾಯಿಗಳನ್ನು ದಾಟುತ್ತದೆ. ನೂರಾರು ಬಗೆಯ ದನಿಗಳೆಲ್ಲ ಅದರ ಹೊಟ್ಟೆಯಲ್ಲಿವೆಯೆಂದು ಅಂದು ಹೇಳಿದ್ದವನೂ ಅದೇ ಮಗ. ಈಗ ಅವನು ಬಿಡಿ ಪೆಡಲುಗಳ ಮಾತೆತ್ತಿದ್ದಾನೆ. ತಂದೆ ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟು, “ಎಲ್ಲಾ ಅದರಾಗೇ ಐತೆ ಅಂದಿದ್ದೆಲ್ಲಪ್ಪಾ, ಮತ್ತೆ ಇವ್ಯಾಕೆ?” ಎಂದು ಕೇಳುತ್ತಾರೆ.

ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಮಗ ಕೊಡುವ ಉತ್ತರದ ಮೇಲೆ ಮನೆಯ ಕೆಲವು ಸಾವಿರ ರೂಪಾಯಿಗಳೂ, ಮಗನ ಮಾತಿನ ಮೇಲೆ ತಂದೆಗಿರುವ ನಂಬಿಕೆಯೂ ನಿಂತಿವೆ.

ಮೊದಲು ಮಾಡೆಲರಿನ ಮರ್ಮವನ್ನು ತಿಳಿಯಬೇಕು. ಎಲೆಕ್ಟ್ರಿಕ್ ಗಿಟಾರಿನ ಸ್ವಂತ ದನಿ ಬಲು ಕ್ಷೀಣ. ತಂತಿಯ ಕಂಪನವನ್ನು ಅಯಸ್ಕಾಂತದ ಸುರುಳಿಯೊಂದು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಆ ವಿದ್ಯುತ್ತನ್ನು ಆಂಪ್ಲಿಫೈಯರ್ ಹಿಗ್ಗಿಸುತ್ತದೆ. ಹಳೆಯ ರೇಡಿಯೋಗಳಲ್ಲಿದ್ದಂಥ ವಾಲ್ವುಗಳಿಂದ ಕಟ್ಟಿದ ಆಂಪ್ಲಿಫೈಯರುಗಳ ದನಿಗೆ ಗಿಟಾರ್ ವಾದಕರು ಇಂದಿಗೂ ಮರುಳಾಗಿದ್ದಾರೆ. ಆದರೆ ಅವು ಭಾರ, ಅವುಗಳ ಬೆಲೆಯೂ ಭಾರ. ಪೂರ್ಣ ದನಿಯಲ್ಲಿ ನುಡಿಸಿದರೆ ಓಣಿಯವರೆಲ್ಲ ಬಾಗಿಲಿಗೆ ಬರುತ್ತಾರೆ. ಮಾಡೆಲರ್ ಗಿಟಾರಿನ ವಿದ್ಯುತ್ತನ್ನು ಸೆಕೆಂಡಿಗೆ ಸುಮಾರು 48,000 ಸಲ ಅಳೆದು ಅಂಕಿಗಳನ್ನಾಗಿ ಮಾಡಿಕೊಳ್ಳುತ್ತದೆ. ಅನಂತರ, ಇಂಥ ವಾಲ್ವು, ಇಂಥ ಸ್ಪೀಕರು, ಅದರ ಮುಂದೆ ಇಂಥ ಮೈಕು ಇದ್ದಿದ್ದರೆ ಈ ಅಂಕಿಗಳು ಏನಾಗುತ್ತಿದ್ದುವೆಂದು ಲೆಕ್ಕ ಹಾಕುತ್ತದೆ. ಲೆಕ್ಕದ ಫಲವೇ ಹೆಡ್‌ಫೋನಿನಲ್ಲಿ ಕೇಳಿಸುವ ದನಿ. ಅಮೆರಿಕದ ಲೈನ್ 6 ಕಂಪೆನಿ ಕೆಂಪು ಹುರುಳಿಕಾಯಿ ಬೀಜದ ಆಕಾರದ ತನ್ನ ‘ಪಾಡ್’ ಯಂತ್ರವನ್ನು 1998ರಲ್ಲಿ ಹೊರತಂದಾಗ ಈ ವಿದ್ಯೆ ಸಾಮಾನ್ಯರ ಕೈಗೆ ಎಟುಕಿತು. ಜರ್ಮನಿಯ ಕೆಂಪರ್ 2011ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎದುರಿಗಿರುವ ನಿಜವಾದ ಆಂಪ್ಲಿಫೈಯರಿನ ಗುಣವನ್ನೇ ಅಳೆದು ಪ್ರತಿ ತೆಗೆದುಕೊಳ್ಳುವ ಯಂತ್ರವನ್ನು ಮಾರಿದನು.

ಕನ್ನಡಿಗರಿಗೆ ಇದು ತೀರ ಅಪರಿಚಿತ ಸಂಗತಿಯಲ್ಲ. ಬೆಂಗಳೂರಿನ ಕೊಳಲು ವಾದಕರೂ ಇಂಜಿನಿಯರೂ ಆದ ಜಿ. ರಾಜ್‌ನಾರಾಯಣ್ ಅವರು 1979ರಷ್ಟು ಹಿಂದೆಯೇ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಅವರ ರೇಡಲ್ ಸಂಸ್ಥೆಯ ಶ್ರುತಿಪೆಟ್ಟಿಗೆ ಇಂದು ಎಷ್ಟೋ ಸಂಗೀತ ಪಾಠದ ಮನೆಗಳಲ್ಲಿದೆ. ಬುರುಡೆಯೂ ತಂತಿಯೂ ಇಲ್ಲದ ಪೆಟ್ಟಿಗೆ ತಂಬೂರಿಯಾದೀತೆ ಎಂದು ಮೂಗುಮುರಿಯುವವರು ಇದ್ದೇ ಇರುತ್ತಾರೆ. ಆದರೆ ಮುಂಜಾನೆ ಐದು ಗಂಟೆಗೆ ಒಬ್ಬಳೇ ಸಾಧನೆಗೆ ಕೂರುವ ಹುಡುಗಿಗೆ ಅದು ತಪ್ಪದೆ ಶ್ರುತಿ ಹಿಡಿದುಕೊಡುತ್ತದೆ. ಪ್ರತಿಕೃತಿಯೆಂಬ ಒಂದೇ ಕಾರಣಕ್ಕೆ ಯಾವುದನ್ನೂ ಹಳಿಯಬೇಕಾಗಿಲ್ಲ.

ಹಾಗಾದರೆ ಮಗನ ಬೇಡಿಕೆಯಲ್ಲಿ ಹುರುಳಿಲ್ಲವೆ? ಉಂಟು, ಆದರೆ ಎಲ್ಲ ಪೆಡಲುಗಳ ವಿಷಯದಲ್ಲೂ ಇಲ್ಲ.

ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ, ಒಂದು ನೂಲಿನೆಳೆಯನ್ನು ಸೇರಿಸುವುದು ಎಲ್ಲರೂ ಬಲ್ಲ ಸಂಗತಿ. ಆ ಎಳೆ ಸರಿಯಾದ ಸ್ಥಳದಲ್ಲಿ ಕುಳಿತೊಡನೆ ಬೋಳಾಗಿದ್ದ ತಂತಿ ಝೇಂಕರಿಸತೊಡಗುತ್ತದೆ. ಇದನ್ನು ಜೀವಾಳವೆಂದು ಕರೆದವರ ರಸಿಕತೆ ದೊಡ್ಡದು. ಸಿ. ವಿ. ರಾಮನ್ ಅವರು ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ, ನಮ್ಮ ತಂಬೂರಿ ವೀಣೆಗಳ ಮೇಲೆ ಬರೆದ ಲೇಖನದಲ್ಲಿ ಇದರ ಗುಟ್ಟನ್ನು ಪರೀಕ್ಷಿಸಿದ್ದಾರೆ. ತಂತಿಯನ್ನು ಮೀಟಿದ ಸ್ಥಾನದಿಂದ ಹುಟ್ಟಲೇಬಾರದಾಗಿದ್ದ ಕೆಲವು ಮೇಲ್‌ಸ್ವರಗಳು ಈ ವಾದ್ಯಗಳಲ್ಲಿ ಸ್ಪಷ್ಟವಾಗಿ ಕೇಳಿಸುತ್ತವೆ. ತಂತಿ ಕುದುರೆಯ ಬಾಗಿದ ಮೈಯನ್ನು ಸವರುತ್ತ ಕಂಪಿಸುವುದೇ ಅದಕ್ಕೆ ಕಾರಣ. ಅಂದರೆ, ಶುದ್ಧವಾಗಿದ್ದ ಕಂಪನಕ್ಕೆ ಒಂದು ಅಡ್ಡಿಯನ್ನೊಡ್ಡಿ ನಾದವನ್ನು ಶ್ರೀಮಂತಗೊಳಿಸುವ ಉಪಾಯ ನಮ್ಮ ಪೂರ್ವಿಕರಿಗೆ ತಿಳಿದಿತ್ತು.

ಗಿಟಾರಿನ ಲೋಕ ಇದನ್ನು ಕಂಡುಕೊಂಡದ್ದು ಒಂದು ಅಪಘಾತದಿಂದ. ಅಮೆರಿಕದ ನ್ಯಾಶ್‌ವಿಲ್ಲಿನಲ್ಲಿ 1960ರಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕನ ಹಾಡೊಂದರ ಮುದ್ರಣ ನಡೆಯುತ್ತಿದ್ದಾಗ ಧ್ವನಿಯಂತ್ರದ ಒಂದು ಭಾಗ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಗಿಟಾರಿನ ದನಿ ಒಡೆದು ಗೊರಗೊರ ಎಂದಿತು. ಒರೆಸಿಹಾಕಬೇಕಾಗಿದ್ದ ಆ ದನಿಯನ್ನು ಹಾಡಿನಲ್ಲಿ ಹಾಗೆಯೇ ಉಳಿಸಿಕೊಂಡರು. ಇತರರೂ ಅದೇ ದನಿ ಬೇಕೆಂದು ಕೇಳತೊಡಗಿದಾಗ, ಮುದ್ರಣ ಮಾಡಿದ್ದ ಗ್ಲೆನ್ ಸ್ನಾಡಿ ಟ್ರಾನ್ಸಿಸ್ಟರುಗಳಿಂದ ಅದನ್ನು ಬೇಕೆಂದೇ ಹುಟ್ಟಿಸುವ ಪೆಟ್ಟಿಗೆಯೊಂದನ್ನು ಕಟ್ಟಿದನು. ಗಿಬ್ಸನ್ ಕಂಪೆನಿ 1962ರಲ್ಲಿ ಅದನ್ನು ‘ಮೇಸ್ಟ್ರೋ ಫಜ್ ಟೋನ್’ ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು. ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ 1965ರಲ್ಲಿ ಅದನ್ನು ತುಳಿದ ಮೇಲೆ ಜಗತ್ತೇ ಅದರ ಬೆನ್ನುಹತ್ತಿತು. ಆತ ಅದನ್ನು ಬಳಸಿದ್ದು ಮುಂದೆ ತುತ್ತೂರಿಗಳು ಬರಬೇಕಾದ ಜಾಗವನ್ನು ಗುರುತಿಸಿಡುವುದಕ್ಕಂತೆ! ತುತ್ತೂರಿ ಬರಲಿಲ್ಲ, ಗುರುತೇ ಹಾಡಾಯಿತು. ಇತ್ತ ಜಪಾನಿನಲ್ಲಿ, 1972ರಲ್ಲಿ ಸ್ಥಾಪಿತವಾದ ರೋಲಂಡ್ ಕಂಪೆನಿ ತನ್ನ ‘ಬಾಸ್’ ಎಂಬ ಹೆಸರಿನಲ್ಲಿ 1977ರಿಂದ ಚಿಕ್ಕ ಚೊಕ್ಕ ಪೆಡಲುಗಳನ್ನು ತಯಾರಿಸಿತು. ಮರುವರ್ಷ ಹುಟ್ಟಿದ ಅದರ ಕಿತ್ತಳೆ ಬಣ್ಣದ ಡಿ. ಎಸ್. 1 ಇಂದಿಗೂ ತಯಾರಾಗುತ್ತಿದೆ.

ಈ ಫಜ್ ಪೆಡಲೇ ಮಾಡೆಲರಿಗೆ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಪತ್ರಿಕೆ. ಹಳೆಯ ಫಜ್ ಪೆಡಲು ಗಿಟಾರಿನಿಂದ ಬಂದುದನ್ನು ಸುಮ್ಮನೆ ಸ್ವೀಕರಿಸುವುದಿಲ್ಲ. ಗಿಟಾರಿನ ಸುರುಳಿಯ ಮೇಲೆ ತನ್ನ ಭಾರವನ್ನೂ ಹೇರುತ್ತದೆ. ಎರಡೂ ಸೇರಿ ಒಂದೇ ಮಂಡಲವಾಗಿಬಿಡುತ್ತವೆ. ಆದ್ದರಿಂದಲೇ ವಾದಕನು ಗಿಟಾರಿನ ದನಿಗುಂಡಿಯನ್ನು ಕಿರುಬೆರಳಿನಿಂದ ತುಸು ಇಳಿಸಿದೊಡನೆ ಗರ್ಜನೆ ಕರಗಿ ಗಾಜಿನಂಥ ತಿಳಿದನಿ ಉಳಿಯುತ್ತದೆ. ಮಾಡೆಲರಿನ ಬಾಗಿಲಾದರೋ ಗಿಟಾರಿಗೆ ಏನೂ ಭಾರವಾಗದಂತೆ, ಸುಮಾರು ಹತ್ತು ಲಕ್ಷ ಓಮ್‌ಗಳ ತಡೆಯಿಂದ ಕಟ್ಟಿದ್ದು. ಒಳಗಿನ ಲೆಕ್ಕ ಎಷ್ಟೇ ಸೂಕ್ಷ್ಮವಾಗಿದ್ದರೂ ಹೊಸಿಲಲ್ಲಿ ನಡೆಯಬೇಕಾದ ಈ ಕೊಡುಕೊಳ್ಳುವಿಕೆ ತಪ್ಪಿಹೋಗುತ್ತದೆ. ಕೆಲವು ತಯಾರಕರು ಈಗ ಬಾಗಿಲ ತಡೆಯನ್ನೇ ಬದಲಿಸುವ ಏರ್ಪಾಟು ಮಾಡಿದ್ದಾರೆಂಬುದೂ ನಿಜ. ಇನ್ನೊಂದು ತೊಡಕೂ ಇದೆ. ದನಿಯನ್ನು ಬಲವಾಗಿ ಒಡೆದಾಗ ಅತಿ ಎತ್ತರದ ಮೇಲ್‌ಸ್ವರಗಳು ಹುಟ್ಟುತ್ತವೆ. ಸೆಕೆಂಡಿಗೆ 48,000 ಅಳತೆಗಳ ಯಂತ್ರ 24,000 ಕಂಪನಗಳಿಗಿಂತ ಮೇಲಿನದನ್ನು ಅರಿಯಲಾರದು. ಆ ಮಿತಿಯನ್ನು ಮೀರಿದ ಸ್ವರಗಳು ಗೋಡೆಗೆ ಬಡಿದ ಚೆಂಡಿನಂತೆ ಹಿಂದಿರುಗಿ, ರಾಗಕ್ಕೆ ಸೇರದ ಅಪಸ್ವರಗಳಾಗಿ ಕೇಳಿಸುತ್ತವೆ. ಒಳಗೆ ಇನ್ನೂ ವೇಗವಾಗಿ ಲೆಕ್ಕ ಮಾಡಿ ಇದನ್ನು ತಗ್ಗಿಸುವುದು ಸಾಧ್ಯ. ಒಳ್ಳೆಯ ಯಂತ್ರಗಳು ಹಾಗೆ ಮಾಡುತ್ತವೆ. ಅಗ್ಗದವು ಮಾಡದೆ ಸಿಕ್ಕಿಬೀಳುತ್ತವೆ.

ಮಾರ್ದನಿಯ ಪೆಡಲುಗಳ ಕಥೆಯೇ ಬೇರೆ. ಫಿಲಿಪ್ಸ್ ಸಂಶೋಧನಾಲಯದಲ್ಲಿ 1969ರಲ್ಲಿ ಒಂದು ಚಮತ್ಕಾರದ ಬಿಲ್ಲೆ ರೂಪುಗೊಂಡಿತು. ಬೆಂಕಿ ಬಿದ್ದಾಗ ಜನ ಬಾವಿಯಿಂದ ಮನೆಯವರೆಗೆ ಸಾಲಾಗಿ ನಿಂತು ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವಂತೆ, ಈ ಬಿಲ್ಲೆ ವಿದ್ಯುತ್ತನ್ನು ಒಂದು ಕೋಶದಿಂದ ಇನ್ನೊಂದಕ್ಕೆ ಸಾಗಿಸಿ ದನಿಯನ್ನು ತಡಮಾಡುತ್ತದೆ. ದಾರಿಯಲ್ಲಿ ಅಷ್ಟಿಷ್ಟು ನೀರು ತುಳುಕುವುದು ಸಹಜ. ಆದ್ದರಿಂದ ಪ್ರತಿಯೊಂದು ಮಾರ್ದನಿಯೂ ಹಿಂದಿನದಕ್ಕಿಂತ ಮಬ್ಬಾಗಿ, ಸಂಜೆಯ ಬೆಳಕಿನಂತೆ ಆರುತ್ತದೆ. ಈ ಮಬ್ಬು ಹಲವರಿಗೆ ಪ್ರಿಯ. ಆದರೆ ಈ ಮಬ್ಬನ್ನು ಇಂದಿನ ಮಾಡೆಲರು ಬಲು ಚೆನ್ನಾಗಿ ಅನುಕರಿಸಬಲ್ಲುದು. ಮಾರ್ದನಿ, ಗವಿದನಿಗಳಿಗಾಗಿ ಮತ್ತೆ ಹಣ ಸುರಿಯುವುದು, ಮನೆಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕೆ ಊರಲೆದ ಹಾಗೆ. ವಿದ್ಯಾನಗರದ ತಂದೆ ಇಲ್ಲಿ ಧಾರಾಳವಾಗಿ ‘ಬೇಡ’ ಎನ್ನಬಹುದು.

ಇನ್ನು ಪರೀಕ್ಷೆಯ ಮಾತು. ಪೆಡಲನ್ನು ಗೆಳೆಯರಿಂದ ಎರಡು ದಿನ ಎರವಲು ತಂದು ನೋಡುವುದೇ ಉತ್ತಮ. ಕಿವಿ ಬಲು ಬೇಗ ಮೋಸಹೋಗುವ ಇಂದ್ರಿಯ: ತುಸು ಜೋರಾಗಿ ಕೇಳಿದ್ದೇ ಅದಕ್ಕೆ ಚೆಂದ. ಆದುದರಿಂದ ಪೆಡಲಿನ ದನಿಯನ್ನೂ ಮಾಡೆಲರಿನೊಳಗಿನ ಅದೇ ಬಗೆಯ ದನಿಯನ್ನೂ ಮೊದಲು ಸಮಮಟ್ಟಕ್ಕೆ ತರಬೇಕು. ಬಳಿಕ ತಂಗಿಯನ್ನೋ ಗೆಳೆಯನನ್ನೋ ಗುಂಡಿಯ ಬಳಿ ಕೂಡಿಸಿ, ತಾನು ಬೆನ್ನು ತಿರುಗಿಸಿ ನುಡಿಸಬೇಕು. ಯಾವಾಗ ಯಾವುದು ಎಂಬುದನ್ನು ಆಕೆ ಚೀಟಿಯಲ್ಲಿ ಬರೆದಿಡಲಿ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿ ಗುರುತಿಸಿದರೆ ವ್ಯತ್ಯಾಸ ನಿಜವಾಗಿಯೂ ಇದೆ. ಐದಾರು ಸಲ ಮಾತ್ರವಾದರೆ ಕಾಸು ಚಿಮ್ಮಿ ಹೇಳಿದ್ದರೂ ಅಷ್ಟೇ ಆಗುತ್ತಿತ್ತು. ಗುರುತಿಸಿದ ಮೇಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ತಬಲ, ಕೀಬೋರ್ಡು, ಡ್ರಮ್ಮುಗಳ ನಡುವೆಯೂ ಆ ವ್ಯತ್ಯಾಸ ಕೇಳಿಸೀತೆ? ಕೋಣೆಯಲ್ಲಿ ಮೆರೆದ ಎಷ್ಟೋ ದನಿಗಳು ತಂಡದ ನಡುವೆ ಹೇಳಹೆಸರಿಲ್ಲದಂತಾಗುತ್ತವೆ.

ಜೋಡಿಸುವ ಕ್ರಮವೂ ಮುಖ್ಯ. ಫಜ್ ಪೆಡಲು ಗಿಟಾರಿಗೆ ಅಂಟಿಕೊಂಡಂತೆ ಮೊದಲಿಗೇ ಇರಬೇಕು. ನಡುವೆ ಇನ್ನೊಂದು ಪೆಟ್ಟಿಗೆ ಬಂದರೆ ಆ ಕೊಡುಕೊಳ್ಳುವಿಕೆ ಮುರಿದುಬೀಳುತ್ತದೆ. ದನಿಯನ್ನು ಹದವಾಗಿ ಬಿಸಿಯೇರಿಸುವ ಓವರ್‌ಡ್ರೈವ್ ಅದರ ಹಿಂದೆ; ಅನಂತರ ಮಾಡೆಲರು. ಪೆಡಲಿನಿಂದ ಹೊರಬೀಳುವ ದನಿ ಅತಿಯಾದರೆ ಮಾಡೆಲರಿನ ಹೆಬ್ಬಾಗಿಲಲ್ಲೇ ಅಂಕಿಗಳು ತುಂಬಿ ತುಳುಕಿ ಒರಟು ಸದ್ದಾಗುತ್ತದೆ. ಅದನ್ನು ಫಜ್ಜಿನ ಸೊಗಸೆಂದು ಭ್ರಮಿಸಬಾರದು.

ಪುಸ್ತಕಗಳು ಅಷ್ಟಾಗಿ ಹೇಳದ ಎರಡು ಸಂಗತಿಗಳು ದಾವಣಗೆರೆಯಂಥ ಊರಿಗೆ ಬಹಳ ಬೇಕಾದವು. ಒಂದು ಸೆಕೆ. ಹಳೆಯ ಮಾದರಿಯ ಫಜ್ ಪೆಡಲುಗಳಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳಿರುತ್ತವೆ. ಬಿಸಿಯೇರಿದಂತೆ ಅವುಗಳಲ್ಲಿ ವಿದ್ಯುತ್ತಿನ ಸೋರಿಕೆ ಹೆಚ್ಚಿ ದನಿಯ ಹದ ಕೆಡುತ್ತದೆ. ಲಂಡನ್ನಿನ ಚಳಿಯಲ್ಲಿ ಜೇನಿನಂತಿದ್ದ ಪೆಡಲು, ಯುಗಾದಿ ಕಳೆದ ಬಯಲುಸೀಮೆಯ ಮಧ್ಯಾಹ್ನದಲ್ಲಿ ಶೀತ ಹಿಡಿದ ಗಂಟಲಾಗಬಹುದು! ಸಿಲಿಕಾನ್ ಟ್ರಾನ್ಸಿಸ್ಟರಿನದನ್ನು ಆರಿಸುವುದು ಇಲ್ಲಿ ಜಾಣತನ. ಎರಡನೆಯದು ವಿದ್ಯುತ್ತು. ಬಹುತೇಕ ಪೆಡಲುಗಳು 9 ವೋಲ್ಟಿನವು. ಅಗ್ಗದ ಅಡಾಪ್ಟರೊಂದರಿಂದ ನಾಲ್ಕಕ್ಕೆ ಕವಲು ತೆಗೆದರೆ, ಗೋಡೆಯ ಪ್ಲಗ್ಗಿಗೆ ಅರ್ತಿಂಗ್ ಸರಿಯಿಲ್ಲದಿದ್ದರೆ, 50 ಹರ್ಟ್ಸಿನ ಗುಂಯ್ ಎಂಬ ಸದ್ದು ಗಿಟಾರಿನ ಜೊತೆಗೇ ಹಾಡತೊಡಗುತ್ತದೆ. ಫಜ್ ಪೆಡಲು ಅದನ್ನೂ ಹಿಗ್ಗಿಸಿಕೊಡುತ್ತದೆ. ಹೊಸ ಪೆಡಲಿಗೆ ಮುನ್ನ ಇಲೆಕ್ಟ್ರೀಷಿಯನ್ನನನ್ನು ಕರೆಸುವುದು ಎಷ್ಟೋ ಮನೆಗಳಲ್ಲಿ ಹೆಚ್ಚು ಲಾಭಕರ.

ಹರಿಹರದ ಗುಡಿ ಇಲ್ಲಿಂದ ದೂರವೇನಲ್ಲ. ಹೊಯ್ಸಳರ ಕಾಲದಲ್ಲಿ, 1224ರಲ್ಲಿ, ಪೋಲಾಳ್ವನು ಕಟ್ಟಿಸಿದ ಆ ಗುಡಿಯಲ್ಲಿ ಹರಿಯೂ ಹರನೂ ಒಂದೇ ವಿಗ್ರಹದಲ್ಲಿ ನಿಂತಿದ್ದಾರೆ. ಅಂಥ ದೇವರ ನೆರೆಯವರಿಗೆ ಲೆಕ್ಕದ ಯಂತ್ರವೂ ಟ್ರಾನ್ಸಿಸ್ಟರಿನ ಪೆಟ್ಟಿಗೆಯೂ ಒಂದೇ ಹಲಗೆಯ ಮೇಲೆ ಕೂಡಿ ಬಾಳುವುದು ವಿಚಿತ್ರವಾಗಿ ಕಾಣಬೇಕಾಗಿಲ್ಲ.

ಇವೆಲ್ಲ ಕೇವಲ ಹುಡುಗರ ಷೋಕಿಯೆಂದು ತಿಳಿಯುವವರು ಗಣೇಶೋತ್ಸವದ ಆರ್ಕೆಸ್ಟ್ರಾವೊಂದರ ಗಿಟಾರ್ ವಾದಕನ ಪಾದಗಳನ್ನು ಒಮ್ಮೆ ಗಮನಿಸಬೇಕು. ಒಂದೇ ರಾತ್ರಿಯಲ್ಲಿ ಅವನು 1974ರ ‘ಎರಡು ಕನಸು’ ಚಿತ್ರದಿಂದ 1987ರ ‘ಪ್ರೇಮಲೋಕ’ಕ್ಕೆ, ಅಲ್ಲಿಂದ 2006ರ ‘ಮುಂಗಾರು ಮಳೆ’ಗೆ ಹಾರಬೇಕು. ನಿರೂಪಕ ಮುಂದಿನ ಹಾಡಿನ ಹೆಸರನ್ನು ಹೇಳಿ ಮುಗಿಸುವುದರೊಳಗೆ ಅವನ ದನಿ ಮೂವತ್ತು ವರ್ಷ ದಾಟಿರಬೇಕು. ಅದಕ್ಕೆ ಮಾಡೆಲರಿಗಿಂತ ಒಳ್ಳೆಯ ಆಳು ಇಲ್ಲ: ಹಾಡಿಗೊಂದರಂತೆ ಸಜ್ಜುಮಾಡಿಟ್ಟ ದನಿ ಒಂದೇ ಒತ್ತಿಗೆ ಬರುತ್ತದೆ. ಆದರೆ ಹಾಡಿನ ನಡುವೆ ಗಾಯಕ ತಟಕ್ಕನೆ ಅವನ ಕಡೆ ತಿರುಗಿ ‘ನುಡಿಸಯ್ಯಾ’ ಎಂಬಂತೆ ಕೈಮಾಡಿದಾಗ, ಪರದೆಯ ಮೇಲಿನ ಪಟ್ಟಿಯನ್ನು ಓದುತ್ತ ಕೂರಲು ಪುರಸತ್ತಿಲ್ಲ. ಆಗ ಬೇಕಾದದ್ದು ಕಣ್ಣಿಲ್ಲದೆಯೂ ಕಾಲಿಗೆ ಸಿಕ್ಕುವ ಒಂದು ಗುಂಡಿ, ಬಗ್ಗಿದೊಡನೆ ಬೆರಳಿಗೆ ಸಿಕ್ಕುವ ಒಂದು ತಿರುಪು.

ವಿದ್ಯಾನಗರದ ಮಗನು ಪಟ್ಟಿಯಿಂದ ಮಾರ್ದನಿಯ ಪೆಡಲುಗಳನ್ನು ಹೊಡೆದುಹಾಕಿ, ಒಂದು ಸಿಲಿಕಾನ್ ಫಜ್ಜನ್ನೂ ಒಂದು ಓವರ್‌ಡ್ರೈವನ್ನೂ ಮಾತ್ರ ಉಳಿಸಿಕೊಂಡು, ಚೀಟಿಯ ಪರೀಕ್ಷೆಯ ಫಲವನ್ನು ತಂದೆಯ ಮುಂದಿಟ್ಟರೆ, ಆ ಕನ್ನಡಕ ಮತ್ತೆ ಮೂಗನ್ನೇರುವ ಸಂಭವವುಂಟು. ಬೇಸರವಾದಾಗ ಬಿಡಿ ಪೆಡಲನ್ನು ಮಾರಿದರೆ ಹಾಕಿದ ಹಣದಲ್ಲಿ ಒಂದು ಪಾಲಾದರೂ ಹಿಂದಿರುಗುತ್ತದೆಂಬ ಮಾತನ್ನೂ ಅವನು ಸೇರಿಸಬಹುದು. ತಾಯಿಯ ಷರತ್ತು ಮಾತ್ರ ಬೇರೆ: ರಾತ್ರಿ ಒಂಬತ್ತರ ಮೇಲೆ ಹೆಡ್‌ಫೋನು.